ಹೊಗೆಯಿಲ್ಲದ ಹೊಗೆಸೊಪ್ಪು: ಟೆಕ್ಸಾಸಿನ ಕನ್ನಡ ಮನೆಗಳಿಗೊಂದು ಮನವಿ

ತಂಬಾಕಿಗೆ ನಮ್ಮ ಭಾಷೆ ಇಟ್ಟ ಹೆಸರು ಹೊಗೆಸೊಪ್ಪು. ವೇಪ್, ಅಂದರೆ ಇ-ಸಿಗರೇಟಿನಲ್ಲಿ ಸೊಪ್ಪು ಕಾಣುವುದಿಲ್ಲ. ಬೆಂಕಿ ಇಲ್ಲದ್ದರಿಂದ ನಿಜವಾದ ಹೊಗೆಯೂ ಇಲ್ಲ. ಪುಟ್ಟ ಬ್ಯಾಟರಿ ಒಂದು ದ್ರವವನ್ನು ಕಾಯಿಸುತ್ತದೆ, ಮಾವಿನಹಣ್ಣಿನದೋ ಪುದೀನದ್ದೋ ವಾಸನೆ ಬರುತ್ತದೆ, ಅಷ್ಟೆ. ಅದಕ್ಕೇ ಇರಬೇಕು, ಸಿಗರೇಟ್ ಎಂದರೆ ಬೆಚ್ಚಿಬೀಳುವ ನಮ್ಮ ಮನೆಗಳು ವೇಪ್ ಬಗ್ಗೆ ಮಾತೇ ಆಡುವುದಿಲ್ಲ.

ಊರಿನಲ್ಲಿ ಎಲೆಅಡಿಕೆಯ ಜೊತೆ ಕಡ್ಡಿಪುಡಿ ಹಾಕಿಕೊಳ್ಳುತ್ತಿದ್ದ ಅಜ್ಜಿಯಂದಿರನ್ನು ನೆನಪಿಸಿಕೊಳ್ಳಿ. ಅವರು ಒಂದು ದಿನವೂ ಹೊಗೆ ಬಿಟ್ಟವರಲ್ಲ. ಆದರೂ ಚಟ ಅವರನ್ನು ಬಿಡಲಿಲ್ಲ. ಕಟ್ಟಿಹಾಕಿದ್ದು ನಿಕೋಟಿನ್. ಹೆಚ್ಚಿನ ವೇಪ್‌ಗಳಲ್ಲಿ ಇರುವುದೂ ಅದೇ.

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ನೆಲೆಸಿರುವ ಕನ್ನಡಿಗರೇ, ನಿಮ್ಮೊಡನೆ ಈ ವಿಷಯ ಮಾತಾಡಬೇಕೆನಿಸಿದ್ದು ಮಕ್ಕಳ ಕಾರಣಕ್ಕೆ. 2024ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಮೆರಿಕದ ಮಿಡ್ಲ್ ಸ್ಕೂಲ್ ಮತ್ತು ಹೈಸ್ಕೂಲ್ ಮಕ್ಕಳಲ್ಲಿ ಸಿಗರೇಟ್ ಸೇದುವವರು ಶೇ. 1.4. ವೇಪ್ ಮಾಡುವವರು ಶೇ. 5.9. ಹೈಸ್ಕೂಲಿನಲ್ಲಿ ಇದು 2019ರಲ್ಲಿ ಶೇ. 27.5ರಷ್ಟಿತ್ತು; ಈಗ ಬಹಳ ಇಳಿದಿದೆ, ಅದು ಸಂತೋಷದ ಸಂಗತಿ. ಆದರೆ ಮಕ್ಕಳ ಮಟ್ಟಿಗೆ ಸಿಗರೇಟಿನ ಜಾಗಕ್ಕೆ ವೇಪ್ ಬಂದು ಕೂತಿದೆ ಎಂಬುದೂ ಇದೇ ಅಂಕಿಗಳಲ್ಲಿದೆ. ನಾವು ಇನ್ನೂ ಅವರ ಜೇಬಿನಲ್ಲಿ ಬೆಂಕಿಪೊಟ್ಟಣ ಹುಡುಕುತ್ತಿದ್ದೇವೆ.

ಸಿಗರೇಟಿಗೂ ವೇಪಿಗೂ ನಡುವಿನ ವ್ಯತ್ಯಾಸವನ್ನು ಕಾನೂನು ನಿಧಾನವಾಗಿ ಅಳಿಸುತ್ತಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸುವ ರಾಜ್ಯವ್ಯಾಪಿ ಕಾನೂನು ಟೆಕ್ಸಾಸಿನಲ್ಲಿಲ್ಲ. ಒಂದೊಂದು ನಗರಕ್ಕೆ ಒಂದೊಂದು ನಿಯಮ. ಆಸ್ಟಿನ್‌ನಲ್ಲಿ 2005ರಲ್ಲಿ ಮತದಾರರೇ ಬಾರುಗಳಲ್ಲಿ ಸೇದುವುದನ್ನು ನಿಲ್ಲಿಸಿದರು. 2017ರಲ್ಲಿ ನಗರ ಸಭೆ ಅದೇ ನಿಯಮದೊಳಗೆ ವೇಪನ್ನೂ ಸೇರಿಸಿತು. ಹ್ಯೂಸ್ಟನ್‌ನ ಬಾರು, ಹೋಟೆಲುಗಳು 2007ರಲ್ಲಿ, ಡಲ್ಲಾಸಿನ ಬಾರುಗಳು 2009ರಲ್ಲಿ ಹೊಗೆಮುಕ್ತವಾದವು. ಡಲ್ಲಾಸ್ ನಗರ ಸಭೆ 2024ರ ಡಿಸೆಂಬರಿನಲ್ಲಿ ವೇಪನ್ನೂ ನಿಷೇಧದ ವ್ಯಾಪ್ತಿಗೆ ತಂದಿತು. ತಂಬಾಕಿರಲಿ, ವೇಪ್ ಇರಲಿ, ಕೊಳ್ಳಲು 21 ವರ್ಷ ತುಂಬಿರಬೇಕೆಂಬುದು 2019ರಿಂದ ರಾಜ್ಯದ ಕಾನೂನು. ನಮ್ಮ ಕರ್ನಾಟಕ ಇನ್ನೂ ಮುಂದೆ ಹೋಗಿತ್ತು: 2016ರಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರಲ್ಲಿ ಇಡೀ ಭಾರತ ಅದರ ಮಾರಾಟ, ಆಮದು ನಿಲ್ಲಿಸಿತು. ಆದ್ದರಿಂದ ರಜೆಗೆ ಊರಿಗೆ ಹೊರಟ ತರುಣರ ಬ್ಯಾಗಿನಲ್ಲಿ ಇದು ಇರದಂತೆ ನೋಡಿಕೊಳ್ಳಿ.

ಶಾಲೆಯ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಅಲ್ಲಿನ ನಿಯಮ ಅನೇಕ ತಂದೆತಾಯಿಯರಿಗೆ ಗೊತ್ತಾಗುವುದು ಪ್ರಿನ್ಸಿಪಾಲರ ಕಚೇರಿಯಿಂದ ಫೋನ್ ಬಂದ ದಿನ. 2023ರ ಸೆಪ್ಟೆಂಬರಿನಿಂದ ಟೆಕ್ಸಾಸಿನ ಶಾಲೆಯಲ್ಲಿ ವೇಪ್ ಸಮೇತ ಸಿಕ್ಕಿಬಿದ್ದ ಮಗುವನ್ನು ಪ್ರತ್ಯೇಕ ಶಿಸ್ತುಶಾಲೆಗೆ ಕಳಿಸಲೇಬೇಕಿತ್ತು. ಮೊದಲ ಸಲದ ತಪ್ಪಿಗೆ ಶಾಲೆಯ ವಿವೇಚನೆಗೂ ಜಾಗ ಕೊಟ್ಟದ್ದು 2025ರ ತಿದ್ದುಪಡಿ. ಅದೇ ವರ್ಷ ಇನ್ನೊಂದು ಕಾನೂನು, ಪೆನ್ನು, ಹೈಲೈಟರ್‌ನಂಥ ಶಾಲಾ ಸಾಮಗ್ರಿಯ ವೇಷದಲ್ಲಿ ಬರುವ ವೇಪ್‌ಗಳ ಮಾರಾಟವನ್ನು ತಡೆಯಿತು. ವೇಪ್‌ನೊಳಗೆ ಗಾಂಜಾದ ಸಾರ, ಅಂದರೆ ಟಿಎಚ್‌ಸಿ ಎಣ್ಣೆ ಇದ್ದರಂತೂ ಟೆಕ್ಸಾಸಿನಲ್ಲಿ ಅದು ಫೆಲೊನಿ, ಗುರುತರ ಅಪರಾಧ. ವೀಸಾದ ಮೇಲಿರುವ, ಗ್ರೀನ್ ಕಾರ್ಡಿಗೆ ವರ್ಷಗಟ್ಟಲೆ ಕಾದಿರುವ ಕುಟುಂಬಕ್ಕೆ ಅದರ ಅರ್ಥವೇನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೆದರಿಸುವುದು ನನ್ನ ಉದ್ದೇಶವಲ್ಲ. ಹೆದರಿದ ಮನೆಯಲ್ಲಿ ಮಗು ಬಾಯಿ ಬಿಡುವುದಿಲ್ಲ.

ಹಾಗಾಗಿ ಕೇಳಿಕೊಳ್ಳುವುದಿಷ್ಟು. ಒಂದು ಸಂಜೆ, ಮಗುವನ್ನು ಕಾರಿನಲ್ಲಿ ಕರೆದುಕೊಂಡು ಬರುವಾಗ, ಸುಮ್ಮನೆ ಕೇಳಿ: ನಿಮ್ಮ ಶಾಲೆಯ ಬಾತ್‌ರೂಮಿನಲ್ಲಿ ವೇಪ್ ಮಾಡುವುದು ನಡೆಯುತ್ತದೆಯೇ? ಉತ್ತರ ಬರುವವರೆಗೆ ಕಾಯಿರಿ. ಮಧ್ಯೆ ಬುದ್ಧಿವಾದ ಬೇಡ. ಅಂಥದ್ದು ಕೈಗೆ ಸಿಕ್ಕರೆ ಇಟ್ಟುಕೊಳ್ಳಬೇಡ, ತಪ್ಪು ಮಾಡಿದರೂ ಮೊದಲು ನಮಗೆ ಹೇಳು ಎಂಬುದನ್ನು ಮಗು ನಿಮ್ಮ ಬಾಯಿಂದಲೇ ಕೇಳಿರಲಿ. ಊರಿನಿಂದ ಬಂದ ಅಜ್ಜ ಅಜ್ಜಿಯರಿಗೂ ಒಮ್ಮೆ ತಿಳಿಸಿ. ಮೊಮ್ಮಗನ ಮೇಜಿನ ಮೇಲಿನದು ಪೆನ್‌ಡ್ರೈವ್ ಎಂದುಕೊಂಡು ಎತ್ತಿಡುವವರು ಅವರೇ.

ವೇಪ್ ಮಾಡುವ ದೊಡ್ಡವರಿಗೂ ಒಂದು ಮಾತು. ಸಿಗರೇಟ್ ಪೂರ್ತಿ ಬಿಟ್ಟು ಇದಕ್ಕೆ ಬಂದಿದ್ದರೆ ನಿಮ್ಮ ದೇಹ ಸೇರುವ ವಿಷಗಳು ಕಡಿಮೆಯಾಗಿವೆ ಎಂಬುದು ನಿಜ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಿಟ್ಟ ಆವಿಯಲ್ಲಿ ನಿಕೋಟಿನ್ ಇರುತ್ತದೆ. ಆದ್ದರಿಂದ ಮನೆಯೊಳಗೆ, ಕಾರಿನೊಳಗೆ, ಮಕ್ಕಳ ಎದುರಿಗೆ ಬೇಡ. ಪೂರ್ತಿ ಬಿಡುವ ಮನಸ್ಸಾದ ದಿನ 1-877-937-7848ಕ್ಕೆ ಕರೆ ಮಾಡಿ. ಅದು ಟೆಕ್ಸಾಸ್ ಸರ್ಕಾರದ ಉಚಿತ ಸಹಾಯವಾಣಿ.

ಇನ್ನು ನಮ್ಮ ಸಂಘಗಳು. ಡಲ್ಲಾಸಿನ ಮಲ್ಲಿಗೆ ಕನ್ನಡ ಸಂಘ, ಹ್ಯೂಸ್ಟನ್ನಿನ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘ ನೂರಾರು ಮನೆಗಳನ್ನು ಒಂದೆಡೆ ಸೇರಿಸುತ್ತವೆ. ಮುಂದಿನ ರಾಜ್ಯೋತ್ಸವದ ದಿನ ಹೈಸ್ಕೂಲ್ ಮಕ್ಕಳಿಗೇ ಮೈಕ್ ಕೊಟ್ಟು ಹತ್ತು ನಿಮಿಷ ಈ ವಿಷಯ ಮಾತಾಡಲು ಹೇಳಿ. ಕನ್ನಡದಲ್ಲಾಗದಿದ್ದರೆ ಇಂಗ್ಲಿಷಿನಲ್ಲೇ ಆಗಲಿ. ಆ ಹತ್ತು ನಿಮಿಷ ದೊಡ್ಡವರು ಊಟದ ಸಾಲಿಗೆ ಎದ್ದು ಹೋಗದೆ ಕೂತು ಕೇಳೋಣ.