ನಮ್ಮ ಗಾಡಿ ಅಂಗಡಿ ಜಾಹೀರಾತೇ ವಾಸಿ

ಹೋದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ಒಬ್ಬರು ‘ಟಿ.ವಿ. ಜಾಹೀರಾತುಗಳೆಲ್ಲಾ ಬರೀ ಸುಳ್ಳು, ಅವನ್ನು ನಿಲ್ಲಿಸಬೇಕು’ ಅಂತ ಬರೆದಿದ್ದರು. ನಾನು ಎರಡು ಸಲ ಓದಿದೆ. ಅರ್ಧ ಒಪ್ಪುತ್ತೇನೆ, ಅರ್ಧ ಒಪ್ಪಲ್ಲ. ಒಪ್ಪದ ಅರ್ಧದ ಬಗ್ಗೆ ಈ ಲೇಖನ.

ನಮ್ಮ ಅಜ್ಜಿ ಮನೆ ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಯಲ್ಲಿದೆ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ನನ್ನನ್ನು ಅಲ್ಲಿ ಬಿಟ್ಟಿದ್ದರು. ಅಲ್ಲಿ ಕೇಬಲ್‌ನವರೇ ಒಂದು ಚಾನೆಲ್‌ನಲ್ಲಿ ಹಳೇ ಸಿನಿಮಾ ಹಾಕೋರು. ಫೈಟಿಂಗ್ ಶುರುವಾಗೋ ಹೊತ್ತಿಗೆ ಸರಿಯಾಗಿ ಬಂಗಾರಪೇಟೆಯ ಒಂದು ಹಳೇ ಗಾಡಿ ಮಾರುವ ಅಂಗಡಿಯ ಜಾಹೀರಾತು ಬರೋದು. ಅದರಲ್ಲಿ ಹೀರೋ ಇಲ್ಲ, ಹೀರೋಯಿನ್ ಇಲ್ಲ. ಅಂಗಡಿ ಸಾಹುಕಾರರೇ ಬಿಳೀ ಷರ್ಟು ಹಾಕ್ಕೊಂಡು, ಸಾಲಾಗಿ ನಿಲ್ಲಿಸಿದ ಬೈಕು, ಕಾರುಗಳ ಮುಂದೆ ನಿಂತಿರೋರು. ಕೈ ಎಲ್ಲಿ ಇಟ್ಕೋಬೇಕು ಅಂತ ಅವರಿಗೆ ಗೊತ್ತಾಗ್ತಿರಲಿಲ್ಲ. ಒಂದು ಸಲ ಜೇಬಲ್ಲಿ, ಒಂದು ಸಲ ಕಾರಿನ ಮೇಲೆ. ಮೊದಲು ಕನ್ನಡದಲ್ಲಿ ಹೇಳೋರು, ಆಮೇಲೆ ತಮಿಳಲ್ಲಿ, ಕೊನೆಗೆ ತೆಲುಗಲ್ಲಿ. ತೆಲುಗು ಬರೋ ಹೊತ್ತಿಗೆ ಅವರಿಗೆ ಉಸಿರು ಇರುತ್ತಿರಲಿಲ್ಲ. ಹಿಂದೆ ಒಂದು ಹಸು ಬಂದು ಕಾರಿನ ಕನ್ನಡಿ ಮೂಸಿ ಹೋಗೋದು. ಅದನ್ನು ಯಾರೂ ತೆಗೆದುಹಾಕಿರಲಿಲ್ಲ. ನಾವು ಮಕ್ಕಳು ಸಿನಿಮಾ ಬಿಟ್ಟು ಆ ಹಸುವಿಗೇ ಕಾಯ್ತಿದ್ವಿ.

ಮೂರು ಭಾಷೆ ಯಾಕೆ ಅಂದರೆ ನಮ್ಮ ಕಡೆ ಜನ ಹಂಗೇ ಇದ್ದಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಚಿನ್ನದ ಗಣಿ ಕೆಲಸಕ್ಕೆ ತಮಿಳು ಸೀಮೆಯಿಂದ, ಆಂಧ್ರದ ಕಡೆಯಿಂದ ಬಂದವರು ಇಲ್ಲೇ ಉಳಿದರು. 28-2-2001ರಂದು ಗಣಿ ಮುಚ್ಚಿತು. ಈಗ ಸಾವಿರಾರು ಜನ ಕೂಲಿಗೆ, ಕೆಲಸಕ್ಕೆ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗ್ತಾರೆ. ನಮ್ಮಪ್ಪನೂ ಹೋಗ್ತಾರೆ. ಬೆಳಗಿನ ಜಾವ ನಮ್ಮೂರಿಂದ ಬಂಗಾರಪೇಟೆ ಸ್ಟೇಷನ್‌ಗೆ ಬಸ್ಸಿಲ್ಲ. ಹಂಗಾಗಿ ಹಳೇ ಬೈಕು ನಮಗೆ ಷೋಕಿ ಅಲ್ಲ, ಅದಿಲ್ಲದಿದ್ದರೆ ಅವತ್ತಿನ ಕೂಲಿ ಇಲ್ಲ.

ನಮ್ಮಪ್ಪ ಅದೇ ಅಂಗಡೀಲಿ ಬೈಕು ತಗೊಂಡರು. ಎಂಟೇ ದಿನಕ್ಕೆ ಅದು ಸ್ಟಾರ್ಟ್ ಆಗಲಿಲ್ಲ. ಎರಡು ದಿನದ ಕೂಲಿ ಹೋಯ್ತು. ಗಾಡಿ ತಳ್ಳಿಕೊಂಡು ಹೋಗಿ, ಜನ ಇರುವಾಗಲೇ ಕೇಳಿದರಂತೆ: “ಟಿ.ವಿ.ಲಿ ಮೂರು ಭಾಷೇಲಿ ಇಂಜಿನ್ ಗಟ್ಟಿ ಅಂದ್ರಲ್ಲಣ್ಣಾ, ಈಗ ಯಾವ ಭಾಷೇಲಿ ಹೇಳ್ತೀರ?” ಎಲ್ಲರೂ ನಕ್ಕರು. ಸಾಹುಕಾರರು ಮೆಕ್ಯಾನಿಕ್‌ನ ಕರೆಸಿ, ಪ್ಲಗ್ಗು ಬದಲಾಯಿಸಿ, ಕಾರ್ಬೊರೇಟರ್ ಬಿಚ್ಚಿಸಿ ಸರಿಮಾಡಿಸಿದರು. ದುಡ್ಡು ತಗೊಳ್ಳಲಿಲ್ಲ. ಟೀ ಬೇರೆ ತರಿಸಿಕೊಟ್ಟರು. ಅವರು ದೇವರಂಥವರು ಅಂತ ನಾನು ಹೇಳ್ತಿಲ್ಲ. ಟಿ.ವಿ.ಯಲ್ಲಿ ಮುಖ ತೋರಿಸಿದ್ದಕ್ಕೆ ಸಿಕ್ಕಿಬಿದ್ದರು, ಅಷ್ಟೆ. ನನ್ನ ವಾದ ಇರೋದೇ ಇಲ್ಲಿ.

ದೊಡ್ಡ ಕಂಪನಿ ಜಾಹೀರಾತು ನೋಡೋಕೆ ಚಂದ, ಇಲ್ಲ ಅನ್ನಲ್ಲ. ನಮ್ಮ ದೊಡ್ಡಪ್ಪ 1989ರ ಬಜಾಜ್ ಸ್ಕೂಟರ್ ಜಾಹೀರಾತಿನ ಹಾಡನ್ನು ಈಗಲೂ ಗುನುಗ್ತಾರೆ. ಬಜಾಜ್‌ನವರು 2009ರಲ್ಲಿ ಸ್ಕೂಟರ್ ಸಾಕು ಅಂದರು, 2020ರಲ್ಲಿ ಕರೆಂಟಿನ ಚೇತಕ್ ತಂದರು. ದೊಡ್ಡಪ್ಪ ಎರಡನ್ನೂ ಕೊಳ್ಳಲಿಲ್ಲ, ಹಾಡು ಮಾತ್ರ ಬಾಯಲ್ಲೇ ಇದೆ! ಆದರೆ ಈಗ ಸಿನಿಮಾ ನಟರು ಬೈಕಿನ ಮೇಲೆ ಹಾರಿ ಬರ್ತಾರಲ್ಲ, ಗಾಡಿ ಕೆಟ್ಟರೆ ಅವರನ್ನು ಎಲ್ಲಿ ಹುಡುಕೋದು? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ತಪ್ಪುದಾರಿಗೆ ಎಳೆಯುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು, ಅದರಲ್ಲಿ ನಟಿಸಿದವರಿಗೂ ಹಾಕಬಹುದು ಅಂತ ಸಮಾಜ ವಿಜ್ಞಾನದ ಮೇಷ್ಟ್ರು ಹೇಳಿದರು. ಕಾಯ್ದೆ ಒಳ್ಳೆಯದೇ. ಆದರೆ ಒಂದು ಪ್ಲಗ್ಗಿಗೋಸ್ಕರ ನಮ್ಮಪ್ಪ ದಿಲ್ಲಿಗೆ ಅರ್ಜಿ ಬರೀತಾರಾ?

ಅಜ್ಜಿ ಮನೇಲಿ ಈಗ ಕೇಬಲ್ ತೆಗೆಸಿದ್ದಾರೆ. ಎಲ್ಲಾ ಫೋನಲ್ಲೇ. ಆ ಅಂಗಡಿಯವರ ಜಾಹೀರಾತೂ ಫೋನಿಗೇ ಬಂದಿದೆ. ಮೇಲಿಂದ ಡ್ರೋನ್‌ನಲ್ಲಿ ತೆಗೆದಿದ್ದಾರೆ, ಸಾಹುಕಾರರೂ ಇಲ್ಲ, ಹಸುವೂ ಇಲ್ಲ. ಮಾತಾಡೋದು ಕಂಪ್ಯೂಟರ್ ಧ್ವನಿ, ಅದು ‘ಬಂಗಾರ್ ಪೇಟ್’ ಅನ್ನುತ್ತೆ. ನಮ್ಮ ಜಿಲ್ಲೆಯಲ್ಲಿ ಹಂಗೆ ಯಾರಾದರೂ ಅಂತಾರಾ? ಅಜ್ಜಿ ಅದನ್ನು ಕೇಳಿ “ಇದ್ಯಾರ್ದೋ ಬೇರೆ ಅಂಗಡಿ” ಅಂದುಬಿಟ್ಟರು.

ಗುರುಗಳಲ್ಲಿ ಒಂದು ಕೋರಿಕೆ. ಮುಂದಿನ ತಿಂಗಳು ಈ ಪತ್ರಿಕೆಯಲ್ಲಿ ಒಂದು ಮೂಲೆಯನ್ನು ಜಾಹೀರಾತಿಗೆ ಬಿಡಿ. ನಮ್ಮೂರ ಪಂಚರ್ ಅಂಗಡಿ, ಟೈಲರ್ ಅಂಗಡಿ, ಹಿಟ್ಟಿನ ಗಿರಣಿ, ಇವರ ಜಾಹೀರಾತು ನಾವೇ ಬರೀತೀವಿ. ಅವರ ಚಿತ್ರವನ್ನೂ ಬಿಡಿಸ್ತೀವಿ. ಆದರೆ ಕೆಳಗೆ ಅವರೇ ಬಂದು ರುಜು ಹಾಕಬೇಕು. ಸ್ಕೆಚ್ ಪೆನ್ನು ನನ್ನ ಹತ್ರ ಹನ್ನೆರಡು ಬಣ್ಣದ್ದಿದೆ, ಹಸಿರು ಮಾತ್ರ ಒಣಗಿಹೋಗಿದೆ.

– 7ನೇ ತರಗತಿ