ಬಣ್ಣ ಬಳಿದರೆ ಸಾಲದು, ಮರಕ್ಕೆ ಹಿಡಿಯಬೇಕು

ಕಳೆದ ವರ್ಷ ನಮ್ಮ ಕಾಲೇಜಿನ ಪ್ರವೇಶ ಸಮಿತಿಯ ಸಭೆಗೆ ವಿದ್ಯಾರ್ಥಿ ಪ್ರತಿನಿಧಿಯಾಗಿ ನನ್ನನ್ನೂ ಕರೆದಿದ್ದರು. ಚರ್ಚೆಗೆ ಇದ್ದದ್ದು ಒಂದೇ ವಿಷಯ. ಪದವಿ ತರಗತಿಗಳಿಗೆ ಮಕ್ಕಳು ಸೇರುತ್ತಿಲ್ಲ, ಏನು ಮಾಡೋಣ? ಹೀಗೇ ಆದರೆ ಕೆಲವು ವಿಭಾಗಗಳನ್ನು ಮುಚ್ಚಬೇಕಾಗುತ್ತದೆ ಎಂಬ ಮಾತೂ ಬಂತು. ಆಮೇಲೆ ಪರದೆಯ ಮೇಲೆ ಒಂದು ಸಿಂಹ ಬಂತು. ಕೋಟು, ಕಪ್ಪು ಕನ್ನಡಕ, ಕೈಯಲ್ಲಿ ಲ್ಯಾಪ್‌ಟಾಪ್. ‘ನಿಮ್ಮ ಹಳೇ ಸಿಂಹ ಮಂಕಾಗಿದೆ. ಇದು ಹೊಸ ಮ್ಯಾಸ್ಕಾಟ್. ಬ್ಯಾನರ್, ಟಿ-ಶರ್ಟ್, ರೀಲ್ಸ್ ಎಲ್ಲದರಲ್ಲೂ ಇದನ್ನೇ ಹಾಕಿ, ಕಾಲೇಜಿಗೆ ಒಂದು ಬ್ರ್ಯಾಂಡ್ ಬರುತ್ತದೆ’ ಎಂದರು ಅದನ್ನು ವಿನ್ಯಾಸ ಮಾಡಿದವರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಸಂಜೆ ಮನೆಗೆ ಬಂದು ಆ ಚಿತ್ರವನ್ನು ತಂಗಿಗೆ ತೋರಿಸಿದೆ. ಅವಳು ಆಗಷ್ಟೇ ದ್ವಿತೀಯ ಪಿಯುಸಿ ಮುಗಿಸಿದ್ದಳು. ‘ಚೆನ್ನಾಗೈತೆ ಅಣ್ಣ. ಆದ್ರೆ ನಿಮ್ಮ ಕಾಲೇಜಿಗೆ ಅಕೌಂಟೆನ್ಸಿ ಮೇಷ್ಟ್ರು ಬಂದ್ರಾ?’ ಎಂದಳು. ನನ್ನ ಬಾಯಿ ಕಟ್ಟಿತು. ಹಿಂದಿನ ವರ್ಷ ಆ ಪಾಠವನ್ನು ಅರ್ಧಕ್ಕೆ ಬಿಟ್ಟು ಅತಿಥಿ ಉಪನ್ಯಾಸಕರೊಬ್ಬರು ಹೊರಟುಹೋಗಿದ್ದರು. ಉಳಿದರ್ಧವನ್ನು ನಾವು ಯೂಟ್ಯೂಬ್ ನೋಡಿ ಕಲಿತಿದ್ದೆವು. ಇದನ್ನು ಅವಳಿಗೆ ಹೇಳಿದವನು ನಾನೇ.

ಹಾಗೆಂದು ಮ್ಯಾಸ್ಕಾಟ್ ಕೆಲಸಕ್ಕೆ ಬಾರದ್ದು ಎನ್ನಲಾರೆ. 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಯಾರು ಎಷ್ಟು ಪದಕ ಗೆದ್ದರು ಎಂಬುದನ್ನು ಮರೆತವರಿಗೂ ‘ಅಪ್ಪು’ ಆನೆಮರಿ ನೆನಪಿದೆ. 2022ರಲ್ಲಿ ಕರ್ನಾಟಕದಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ನಡೆಯಿತು. ಅದರ ಆತಿಥ್ಯ ವಹಿಸಿದ್ದ ಜೈನ್ ವಿಶ್ವವಿದ್ಯಾಲಯದ ಕ್ಯಾಂಪಸ್ ಇರುವುದು ನಮ್ಮ ಕನಕಪುರ ತಾಲ್ಲೂಕಿನ ಜಕ್ಕಸಂದ್ರದಲ್ಲಿ. ಆ ಕೂಟದ ಮ್ಯಾಸ್ಕಾಟ್ ‘ವೀರ’ ಕೂಡ ಆನೆಯೇ. ಇನ್ನು 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾಲಯದ ಲಾಂಛನದಲ್ಲಿ ಗಂಡಭೇರುಂಡವಿದೆ. ಲಾಂಛನ ಪ್ರಮಾಣಪತ್ರದ ಮೇಲೆ ಗಂಭೀರವಾಗಿ ಕೂರುತ್ತದೆ. ಮ್ಯಾಸ್ಕಾಟ್ ಮೈದಾನಕ್ಕಿಳಿದು ಕುಣಿಯುತ್ತದೆ. ಎರಡೂ ಮಾಡುವ ಕೆಲಸ ಒಂದೇ: ‘ನಾವು ಇಂಥವರು’ ಎಂದು ಹೇಳುವುದು.

ಹಾಗಾದರೆ ಕೋಟು ತೊಟ್ಟ ಸಿಂಹ ನಮ್ಮ ಬಗ್ಗೆ ಏನು ಹೇಳುತ್ತದೆ? ಏನೂ ಇಲ್ಲ. ಅದನ್ನು ಯಾವ ಊರಿನ ಯಾವ ಕಾಲೇಜಿನ ಗೇಟಿಗೆ ಅಂಟಿಸಿದರೂ ಹೊಂದುತ್ತದೆ.

ಮಕ್ಕಳು ಬೇರೆ ಕಡೆ ಹೋಗುವುದಕ್ಕೆ ಕಾರಣ ನಮ್ಮ ಕಣ್ಣೆದುರೇ ಇದೆ. ರಾಮನಗರದಿಂದ ಬೆಂಗಳೂರಿಗೆ ಐವತ್ತೇ ಕಿಲೋಮೀಟರ್. ಚನ್ನಪಟ್ಟಣ, ರಾಮನಗರದಲ್ಲಿ ಬೆಳಿಗ್ಗೆ ರೈಲು ಹತ್ತಿದರೆ ಕಾಲೇಜಿನ ಹೊತ್ತಿಗೆ ಮೆಜೆಸ್ಟಿಕ್ ತಲುಪಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಚಾರ್ಜಿನ ಚಿಂತೆಯೂ ಇಲ್ಲ. ಇದು ಒಳ್ಳೆಯದೇ. ಮೊದಲು ‘ಹತ್ತಿರದ ಕಾಲೇಜೇ ಸಾಕು’ ಎನ್ನುತ್ತಿದ್ದ ಮನೆಗಳು ಈಗ ಮಗಳನ್ನು ದೂರಕ್ಕೂ ಕಳಿಸುತ್ತಿವೆ. ಊರಿನ ಕಾಲೇಜಿಗೆ ಸ್ಪರ್ಧೆ ಈಗ ಪಕ್ಕದ ತಾಲ್ಲೂಕಿನ ಕಾಲೇಜಿನೊಂದಿಗಲ್ಲ, ರಾಜಧಾನಿಯೊಂದಿಗೆ. ಸಿಂಹಕ್ಕೆ ಹೊಸ ಕನ್ನಡಕ ಹಾಕಿ ಆ ಸ್ಪರ್ಧೆ ಗೆಲ್ಲಲಾಗದು.

ಹೆಸರು ಬದಲಾದರೆ ಹಣೆಬರಹ ಬದಲಾಗುತ್ತದೆಯೇ ಎಂಬ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಾಗಲೂ ಇದೇ ಮಾತು ಎದ್ದಿತ್ತು. ಬೆಂಗಳೂರೆಂಬ ಹೆಸರಿನ ಬಲದಿಂದ ಬಂಡವಾಳ, ಉದ್ಯೋಗ ಬರುತ್ತದೆ ಎಂದವರಿದ್ದರು. ನಮ್ಮ ಗುರುತೇ ಹೋಯಿತು ಎಂದವರೂ ಇದ್ದರು. ಯಾರ ಮಾತು ಸರಿ ಎಂದು ಬೋರ್ಡು ನೋಡಿ ತಿಳಿಯುವುದಿಲ್ಲ. ಇಲ್ಲಿನ ಹುಡುಗ ಹುಡುಗಿಯರಿಗೆ ಕೆಲಸ ಸಿಕ್ಕಿತೇ ಎಂಬುದನ್ನು ನೋಡಿ ತಿಳಿಯಬೇಕು.

ಸಭೆ ಮುಗಿದ ಮರುವಾರ ಕ್ಯಾಂಟೀನಿನಲ್ಲಿ ನಮ್ಮದೇ ಒಂದು ಸಭೆ ನಡೆಯಿತು. ಸಿಂಹ ಬೇಡವೆಂದರೆ ಮತ್ತೇನು? ಮಾಗಡಿಯ ಗೆಳೆಯ ‘ಕೆಂಪೇಗೌಡರ ಕುದುರೆ’ ಎಂದ. ಚನ್ನಪಟ್ಟಣದವಳು ‘ಬೊಂಬೆ, ಇನ್ನೇನು?’ ಎಂದಳು. ಯಾರೋ ‘ವೀರನ ಹಾಗೆ ಆನೆ ಇರಲಿ’ ಎಂದಾಗ ಕನಕಪುರದ ಕಾಡಂಚಿನ ಹುಡುಗ ನಗಲಿಲ್ಲ. ‘ನಮ್ಮಪ್ಪ ರಾತ್ರಿಯೆಲ್ಲ ರಾಗಿ ಹೊಲ ಕಾಯೋದು ಆನೆಗೆ ಹೆದರಿ. ಬ್ಯಾನರ್‌ನಲ್ಲೂ ಅದೇ ಬೇಕಾ?’ ಎಂದ. ಒಂದೇ ಪ್ರಾಣಿ ಒಬ್ಬರಿಗೆ ಮುದ್ದು, ಇನ್ನೊಬ್ಬರಿಗೆ ನಿದ್ದೆಗೇಡು ಎಂಬುದು ಆ ದಿನ ನಮಗೆ ತಿಳಿಯಿತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ‘ಇಂಡಿಯನ್’ ಎಂಬ ತನ್ನ ಮ್ಯಾಸ್ಕಾಟನ್ನು 1972ರಲ್ಲಿ ಕೈಬಿಟ್ಟದ್ದೂ ಅಲ್ಲಿನ ಮೂಲನಿವಾಸಿ ವಿದ್ಯಾರ್ಥಿಗಳು ಅದು ತಮಗೆ ಅವಮಾನ ಎಂದು ಹೇಳಿದ ಮೇಲೆಯೇ. ಮ್ಯಾಸ್ಕಾಟ್ ಆರಿಸುವ ಮೊದಲು ಅದನ್ನು ಎದೆಯ ಮೇಲೆ ಹಾಕಿಕೊಳ್ಳುವವರನ್ನು ಕೇಳಬೇಕು.

ಕೊನೆಗೆ ರಾಮನಗರದ ಹುಡುಗಿಯೊಬ್ಬಳು ‘ರಣಹದ್ದು’ ಎಂದಳು. ಎಲ್ಲರೂ ನಕ್ಕರು. ‘ಹೆಣ ತಿನ್ನೋ ಹಕ್ಕಿನಾ?’ ಅವಳು ಬಿಡಲಿಲ್ಲ. ರಾಮದೇವರಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು 2012ರಲ್ಲಿ ರಣಹದ್ದು ಧಾಮವೆಂದು ಘೋಷಿಸಲಾಗಿದೆ. ಉದ್ದಕೊಕ್ಕಿನ ರಣಹದ್ದು ಗೂಡು ಕಟ್ಟುವ ಬಂಡೆಗಳವು. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಆ ಬೆಟ್ಟ ‘ಶೋಲೆ’ ಚಿತ್ರದ ಜಾಗವಾಗಿ ಮಾತ್ರ ಗೊತ್ತು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ, ಸತ್ತ ದನ ತಿಂದ ಹದ್ದುಗಳ ಮೂತ್ರಪಿಂಡವನ್ನು ಹಾಳು ಮಾಡಿ ದೇಶದಲ್ಲಿ ಅವುಗಳ ಸಂತತಿಯನ್ನೇ ಅಳಿವಿನ ಅಂಚಿಗೆ ತಂದಿತು. ಜಾನುವಾರುಗಳಿಗೆ ಆ ಔಷಧ ಬಳಸುವುದನ್ನು 2006ರಲ್ಲಿ ನಿಷೇಧಿಸಲಾಯಿತು. ‘ಊರಿನ ಕೊಳೆ ತೆಗೆಯುವ ಹಕ್ಕಿ. ಬೇರೆ ಯಾವ ಕಾಲೇಜಿಗೂ ಇಲ್ಲ. ಬಿ.ಎಸ್ಸಿ.ಯವರು ಹೋಗಿ ನೋಡಿ ಬರೆದಿಡಬಹುದು’ ಎಂದಳು. ನಗು ನಿಂತಿತು. ನನ್ನ ಓಟು ಅವಳಿಗೆ ಹೋಯಿತು. ಹಕ್ಕಿ ಚೆಂದವಿದೆ ಎಂದಲ್ಲ, ಅದರ ಜೊತೆಗೆ ಮಾಡಲು ಒಂದು ಕೆಲಸವೂ ಇದೆ ಎಂದು.

ಹಾಗಾದರೆ ಅದನ್ನು ಮರದಲ್ಲೇ ಮಾಡಿಸೋಣ ಎಂದು ನಾವು ಮೂವರು ಚನ್ನಪಟ್ಟಣದ ಬೊಂಬೆ ಮಾಡುವವರೊಬ್ಬರ ಬಳಿ ಹೋದೆವು. 2005-06ರಲ್ಲಿ ಭೌಗೋಳಿಕ ಸೂಚಿ ಪಡೆದ ಕಸುಬು ಅದು. ಲೇತ್ ಮೇಲೆ ಮರದ ತುಂಡು ತಿರುಗುತ್ತಿತ್ತು. ಬಣ್ಣ ಯಾವಾಗ ಬಳಿಯುತ್ತೀರಿ ಎಂದು ಕೇಳಿದೆ. ‘ಬಳಿಯೋದಲ್ಲಪ್ಪ’ ಎಂದು ಅವರು ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ತೋರಿಸಿದರು. ಉಜ್ಜಿದ ಕಾವಿಗೆ ಅರಗು ಕರಗಿ ಮರಕ್ಕೆ ಹಿಡಿಯಿತು. ‘ಮರ ಒಣಗಿರ್ಬೇಕು. ಹಸಿ ಮರಕ್ಕೆ ಏನು ಹಾಕಿದ್ರೂ ನಿಲ್ಲಲ್ಲ’ ಎಂದರು. ನಮ್ಮ ಸಭೆಯಲ್ಲಿ ಯಾರೂ ಹೇಳದ ಮಾತು ಇದು. ಬ್ರ್ಯಾಂಡ್ ಎಂಬುದು ಕೂಡ ಹಾಗೆಯೇ. ಒಳಗೆ ಪಾಠ ನಡೆಯುತ್ತಿದ್ದರೆ ಬಣ್ಣ ಹಿಡಿಯುತ್ತದೆ, ಇಲ್ಲದಿದ್ದರೆ ಒಂದು ಮಳೆಗಾಲಕ್ಕೆ ಉದುರುತ್ತದೆ.

ಬಿಡದಿಯಲ್ಲಿ 2007ರಿಂದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆ ಇದೆ. ಹತ್ತನೇ ತರಗತಿ ಮುಗಿಸಿದ ಗ್ರಾಮೀಣ ಮಕ್ಕಳಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಅದಕ್ಕೊಂದು ಮ್ಯಾಸ್ಕಾಟ್ ಇದೆಯೇ ಎಂದು ಯಾವ ತಂದೆತಾಯಿಯೂ ಕೇಳುವುದಿಲ್ಲ. ಅಲ್ಲಿ ಏನು ಕಲಿಸುತ್ತಾರೆ, ಕಲಿತವರು ಏನಾದರು ಎಂದು ಕೇಳುತ್ತಾರೆ.

ಆದ್ದರಿಂದ ನನ್ನ ಕೋರಿಕೆ ಸರಳ. ಕಾಲೇಜುಗಳು ಮ್ಯಾಸ್ಕಾಟ್ ಮಾಡಲಿ. ಅದನ್ನು ಹೊರಗಿನವರಿಂದ ಕೊಳ್ಳುವ ಬದಲು ವಿದ್ಯಾರ್ಥಿಗಳ ಕೈಯಲ್ಲೇ ಮಾಡಿಸಲಿ. ಚಿತ್ರ ಬರೆಯುವವನಿಗೆ, ಘೋಷವಾಕ್ಯ ಬರೆಯುವವಳಿಗೆ, ವಿಡಿಯೊ ಮಾಡುವವನಿಗೆ ಕೆಲಸ ಹುಡುಕುವಾಗ ತೋರಿಸಲು ಒಂದು ನಿಜವಾದ ಕೆಲಸ ಕೈಯಲ್ಲಿರುತ್ತದೆ. ಆದರೆ ಪ್ರವೇಶದ ಕರಪತ್ರದಲ್ಲಿ ಆ ಚಿತ್ರದ ಕೆಳಗೆ ನಾಲ್ಕು ಸಾಲು ಇರಲಿ: ಯಾವ ವಿಷಯಕ್ಕೆ ಯಾರು ಪಾಠ ಮಾಡುತ್ತಾರೆ, ಒಟ್ಟು ಶುಲ್ಕ ಎಷ್ಟು, ಯಾವ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು, ಹಿಂದಿನ ವರ್ಷ ಪಾಸಾದವರು ಈಗ ಎಲ್ಲಿದ್ದಾರೆ. ಮೇಷ್ಟ್ರು ಇಲ್ಲದಿದ್ದರೆ ‘ಇಲ್ಲ, ಇಂಥ ತಿಂಗಳೊಳಗೆ ಬರುತ್ತಾರೆ’ ಎಂದೇ ಬರೆಯಲಿ. ಆ ಒಂದು ಸಾಲಿಗೆ ಇರುವ ನಂಬಿಕೆ ಹತ್ತು ಬ್ಯಾನರಿಗೆ ಇಲ್ಲ.

ಕಾಲೇಜು ಆರಿಸುತ್ತಿರುವ ತಮ್ಮ ತಂಗಿಯರಿಗೂ ಒಂದು ಮಾತು. ಬ್ಯಾನರ್ ನೋಡಿ ಖುಷಿಪಡಿ, ಆದರೆ ಈ ನಾಲ್ಕು ಪ್ರಶ್ನೆ ಕೇಳದೆ ಅರ್ಜಿ ಹಾಕಬೇಡಿ.

ನನ್ನ ತಂಗಿ ಈಗ ದಿನಾ ಬೆಳಿಗ್ಗೆ ಬೆಂಗಳೂರಿನ ರೈಲು ಹತ್ತುತ್ತಾಳೆ. ರಾತ್ರಿ ಸುಸ್ತಾಗಿ ಬರುತ್ತಾಳೆ, ಊಟ ಮಾಡುತ್ತಲೇ ತೂಕಡಿಸುತ್ತಾಳೆ. ಹತ್ತು ನಿಮಿಷದ ದಾರಿಯಲ್ಲಿ ನಮ್ಮ ಕಾಲೇಜಿದೆ. ಗೇಟಿನ ಮೇಲೆ ಕೋಟು ತೊಟ್ಟ ಸಿಂಹ ನಿಂತಿದೆ. ಈ ವರ್ಷದ ಪ್ರವೇಶ ಸಮಿತಿ ಸಭೆ ಮುಂದಿನ ವಾರ. ಈ ಸಲವೂ ನನ್ನನ್ನು ಕರೆದಿದ್ದಾರೆ. ಈ ಬಾರಿ ಚಪ್ಪಾಳೆ ತಟ್ಟುವ ಮೊದಲು ತಂಗಿಯ ಪ್ರಶ್ನೆಯನ್ನು ಅಲ್ಲಿ ಕೇಳುತ್ತೇನೆ.