ಲಾಯವೂ ಬೇಕು, ಅಖಾಡವೂ ಬೇಕು

ಕಳೆದ ತಿಂಗಳು ಪೋಷಕರೊಬ್ಬರು ಮಗಳ ಅಂಕಪಟ್ಟಿ ಹಿಡಿದುಕೊಂಡು ನನ್ನನ್ನು ಕಾಣಲು ಬಂದಿದ್ದರು. ಹುಡುಗಿ ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಅಂಕಗಳ ಬಗ್ಗೆ ತಕರಾರಿರಲಿಲ್ಲ. ತಕರಾರಿದ್ದುದು ಕುದುರೆಯ ಬಗ್ಗೆ. ಎರಡು ವರ್ಷದಿಂದ ಭಾನುವಾರಗಳಂದು ಸವಾರಿ ಕಲಿಯುತ್ತಿದ್ದವಳು, ಈಗ ಲಾಯದಲ್ಲೇ ಕೆಲಸಕ್ಕೆ ಸೇರುತ್ತೇನೆ, ಕೆಲಸ ಮಾಡುತ್ತಲೇ ‘ಡ್ರೆಸಾಜ್’ ಸ್ಪರ್ಧೆಗೆ ಇಳಿಯುತ್ತೇನೆ ಎಂದು ಹಟ ಹಿಡಿದಿದ್ದಾಳಂತೆ. “ಲದ್ದಿ ಬಾಚೋದಕ್ಕೆ ಭೌತಶಾಸ್ತ್ರ ಯಾಕೆ ಓದಬೇಕಿತ್ತು ಸಾರ್?” ಎಂದರು ತಂದೆ. ಹುಡುಗಿ ನೆಲ ನೋಡುತ್ತ ನಿಂತಿದ್ದಳು.

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮಲ್ಲಿದೆ. ಈ ಮನೆಯಲ್ಲಿ ಕುದುರೆ ಕಂಡರೆ ಮಗಳಿಗೆ ಕಾಲುನೋವು ಮರೆಯುತ್ತದೆ, ತಂದೆಗೆ ತಲೆನೋವು ಶುರುವಾಗುತ್ತದೆ! ಒಂದು ವಾರ ಸಮಯ ಕೊಡಿ ಎಂದು ಕೇಳಿಕೊಂಡೆ. ಆ ವಾರ ಓದಿ, ವಿಚಾರಿಸಿ ತಿಳಿದುಕೊಂಡದ್ದು ಇನ್ನೂ ಕೆಲವು ಮನೆಗಳಿಗೆ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಡ್ರೆಸಾಜ್ ಎಂದರೇನು? ಪಳಗಿಸುವುದು ಎಂಬರ್ಥದ ಫ್ರೆಂಚ್ ಪದ ಅದು. 20 ಮೀಟರ್ ಅಗಲ, 60 ಮೀಟರ್ ಉದ್ದದ ಅಖಾಡದಲ್ಲಿ ಕುದುರೆ ಮತ್ತು ಸವಾರ ನಿಗದಿತ ನಡೆಗಳನ್ನು ಮಾಡಿ ತೋರಿಸಬೇಕು. ನಿಂತಲ್ಲೇ ತಾಳ ಹಾಕಿದಂತೆ ಹೆಜ್ಜೆ ಹಾಕುವುದು, ಕಾಲುಗಳನ್ನು ಕತ್ತರಿಯಂತೆ ದಾಟಿಸುತ್ತ ಓರೆಯಾಗಿ ಸಾಗುವುದು, ಹಿಂಗಾಲಿನ ಸುತ್ತ ತಿರುಗುವುದು. ಪ್ರತಿ ನಡೆಗೂ ತೀರ್ಪುಗಾರರು 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಸವಾರ ಏನೂ ಮಾಡುತ್ತಿಲ್ಲ, ಕುದುರೆ ತಾನಾಗಿಯೇ ಕುಣಿಯುತ್ತಿದೆ ಎಂದು ಕಾಣಬೇಕು. ಅಲ್ಲಿದೆ ಅದರ ಕಷ್ಟ. ಮೈಮೇಲೆ ನೊಣ ಕೂತರೂ ಚರ್ಮ ಅದುರಿಸುವ ಪ್ರಾಣಿ ಅದು. ಸವಾರ ಉಸಿರು ಬಿಗಿಹಿಡಿದರೂ, ಸೊಂಟ ತುಸು ವಾಲಿಸಿದರೂ ಅದಕ್ಕೆ ತಿಳಿಯುತ್ತದೆ.

ಒಲಿಂಪಿಕ್ಸ್‌ನಲ್ಲಿ ಈ ಸ್ಪರ್ಧೆ 1912ರಿಂದ ಇದೆ. ಬಹುಕಾಲ ಅದು ಸೈನ್ಯಾಧಿಕಾರಿಗಳ ಸೊತ್ತಿನಂತಿತ್ತು. 1948ರಲ್ಲಿ ಗೆದ್ದ ಸ್ವೀಡನ್ ತಂಡದ ಚಿನ್ನವನ್ನು ಮರುವರ್ಷ ಕಿತ್ತುಕೊಂಡರು. ತಂಡದ ಒಬ್ಬ ಸವಾರ ನಿಜವಾದ ಅಧಿಕಾರಿಯಲ್ಲ ಎಂಬುದೇ ಕಾರಣ! 1952ರಲ್ಲಿ ಮಹಿಳೆಯರಿಗೂ ಬಾಗಿಲು ತೆರೆಯಿತು. ಪೋಲಿಯೊದಿಂದ ಮೊಣಕಾಲಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಆ ವರ್ಷವೇ ಬೆಳ್ಳಿ ಗೆದ್ದರು. ಕುದುರೆ ಹತ್ತಲು, ಇಳಿಯಲು ಆಕೆಗೆ ಬೇರೆಯವರ ನೆರವು ಬೇಕಿತ್ತು.

ಇನ್ನು ನಮ್ಮ ಹುಡುಗಿಯ ಪ್ರಶ್ನೆ. ಕುದುರೆಯೇ ಹೊಟ್ಟೆಪಾಡು, ಕುದುರೆಯೇ ಸ್ಪರ್ಧೆ, ಎರಡೂ ಒಟ್ಟಿಗೆ ಸಾಗುತ್ತವೆಯೇ? ಒಂದೇ ದೋಣಿ ತಾನೆ ಎಂದು ಆಕೆಯ ವಾದ. ನೋಡಲು ಒಂದೇ ದೋಣಿ, ಒಳಗೆ ಎರಡಿವೆ.

ಕುದುರೆಯ ದೇಹರಚನೆಯೇ ಲಾಯದ ದಿನಚರಿಯನ್ನು ನಿರ್ಧರಿಸುತ್ತದೆ. 500 ಕಿಲೋ ತೂಗುವ ಪ್ರಾಣಿಗೆ ಹೊಟ್ಟೆ ಮಾತ್ರ ಚಿಕ್ಕದು. ದಿನವಿಡೀ ಸ್ವಲ್ಪ ಸ್ವಲ್ಪ ಮೇಯುವಂತೆ ಪ್ರಕೃತಿ ಅದನ್ನು ರೂಪಿಸಿದೆ. ಅದಕ್ಕೆ ವಾಂತಿ ಮಾಡಲು ಬರುವುದಿಲ್ಲ. ಆದ್ದರಿಂದ ಹೊತ್ತು ತಪ್ಪಿ ಹೆಚ್ಚು ಕಾಳು ತಿಂದರೆ ಹೊಟ್ಟೆಶೂಲೆ ಬಂದು ಪ್ರಾಣಕ್ಕೇ ಎರವಾಗಬಹುದು. ದಿನಕ್ಕೆ ಎಂಟು ಹತ್ತು ಕಿಲೋ ಒಣಹುಲ್ಲು, ಹಲವು ಬಕೆಟ್ ನೀರು, ಬೆಳಗು ಬೈಗು ಲದ್ದಿ ತೆಗೆಯುವುದು, ಗೊರಸು ಶುಚಿ ಮಾಡುವುದು, ಆರೇಳು ವಾರಕ್ಕೊಮ್ಮೆ ಲಾಳ. ದೀಪಾವಳಿಗೂ ರಜೆಯಿಲ್ಲ, ಜ್ವರಕ್ಕೂ ರಜೆಯಿಲ್ಲ.

ಇಷ್ಟೆಲ್ಲ ಮುಗಿಸಿ ಸ್ವಂತ ಅಭ್ಯಾಸಕ್ಕೆ ಉಳಿಯುವುದು ದಿನದ ಕೊನೆಯ ಗಂಟೆ. ಡ್ರೆಸಾಜ್ ಕುದುರೆಗೆ ದಿನಕ್ಕೆ ಮುಕ್ಕಾಲು ಗಂಟೆ, ಒಂದು ಗಂಟೆಯ ಪಾಠ ಸಾಕು. ಆದರೆ ಆ ಒಂದು ಗಂಟೆ ಸವಾರನ ಮೈಮನಸ್ಸು ಚುರುಕಾಗಿರಬೇಕು. ದಣಿದ ಸವಾರನ ಬೆನ್ನು ಬಾಗುತ್ತದೆ, ಕೈ ಜಗ್ಗುತ್ತದೆ, ತಾಳ್ಮೆ ತೆಳುವಾಗುತ್ತದೆ. ಕುದುರೆ ಆ ತಪ್ಪನ್ನೇ ಪಾಠವೆಂದು ಕಲಿತುಬಿಡುತ್ತದೆ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಇದನ್ನು ಯಾರೂ ವಿವರಿಸಬೇಕಿಲ್ಲ. ಮೊದಲ ಪೀರಿಯಡ್ಡಿನಲ್ಲಿ ಓಮನ ನಿಯಮ ಹೇಳುವ ಮೇಷ್ಟ್ರೂ ಏಳನೇ ಪೀರಿಯಡ್ಡಿನಲ್ಲಿ ಹೇಳುವ ಮೇಷ್ಟ್ರೂ ಒಬ್ಬರೇ ಅಲ್ಲ.

ಎರಡನೆಯ ತೊಡಕು ಒಡೆತನದ್ದು. ಲಾಯದಲ್ಲಿ ದುಡಿಯುವವರು ಪಳಗಿಸುವುದು ಬಹುಮಟ್ಟಿಗೆ ಬೇರೆಯವರ ಕುದುರೆಗಳನ್ನು. ಮರಿಯಿಂದ ತಿದ್ದಿ ತೀಡಿ ಸ್ಪರ್ಧೆಗೆ ಸಿದ್ಧಪಡಿಸಿದ ದಿನವೇ ಮಾಲೀಕ ಅದನ್ನು ಒಳ್ಳೆಯ ಬೆಲೆಗೆ ಮಾರಬಹುದು. ಅದು ಅನ್ಯಾಯವಲ್ಲ, ವ್ಯಾಪಾರ.

ಬ್ರಿಟನ್ನಿನ ಶಾರ್ಲಟ್ ಡುಜಾರ್ಡಿನ್ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. ಹೆಸರಾಂತ ಸವಾರ ಕಾರ್ಲ್ ಹೆಸ್ಟರ್ ಅವರ ಲಾಯಕ್ಕೆ 2007ರಲ್ಲಿ ಸೇರಿದಾಗ ಆಕೆ ಲದ್ದಿ ಬಾಚಿದ್ದೂ ಉಂಟು. ಹೆಸ್ಟರ್ ಸಹಮಾಲೀಕರಾಗಿದ್ದ ವಲೇಗ್ರೊ ಎಂಬ ಎಳೆಯ ಕುದುರೆಯನ್ನು ಪಳಗಿಸುವ ಕೆಲಸ ಆಕೆಯ ಪಾಲಿಗೆ ಬಂತು. ಮುಂದೆ ಅದನ್ನು ಹೆಸ್ಟರ್ ತಾವೇ ಏರಬೇಕೆಂದಿತ್ತು. ಆದರೆ ಇಬ್ಬರ ಹೊಂದಾಣಿಕೆ ಕಂಡು ಆಕೆಗೇ ಬಿಟ್ಟುಕೊಟ್ಟರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ, 2016ರ ರಿಯೊದಲ್ಲಿ ಮತ್ತೆ ವೈಯಕ್ತಿಕ ಚಿನ್ನ. ಹೆಸ್ಟರ್ ಅಂದು ಬೇರೆಯಾಗಿ ಯೋಚಿಸಿದ್ದರೆ? ಪ್ರತಿಭೆ, ಪರಿಶ್ರಮಗಳ ಜೊತೆಗೆ ಇನ್ನೊಬ್ಬರ ದೊಡ್ಡ ಮನಸ್ಸೂ ಬೇಕಾಗುತ್ತದೆ ಎಂಬುದನ್ನು ಮಕ್ಕಳಿಗೆ ನಾವು ಮುಚ್ಚಿಡಬಾರದು.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 2024ರ ಜುಲೈಯಲ್ಲಿ, ಪ್ಯಾರಿಸ್ ಒಲಿಂಪಿಕ್ಸ್ ಶುರುವಾಗುವ ಹೊಸ್ತಿಲಲ್ಲಿ, ಹಳೆಯ ವಿಡಿಯೊ ಒಂದು ಹೊರಬಂತು. ಖಾಸಗಿ ಪಾಠವೊಂದರಲ್ಲಿ ಡುಜಾರ್ಡಿನ್ ಶಿಷ್ಯೆಯ ಕುದುರೆಯ ಕಾಲಿಗೆ ಉದ್ದನೆಯ ಚಾವಟಿಯಿಂದ ಮತ್ತೆ ಮತ್ತೆ ಹೊಡೆಯುತ್ತಿದ್ದರು. ಆಕೆ ತಪ್ಪೊಪ್ಪಿಕೊಂಡು ಸ್ಪರ್ಧೆಯಿಂದ ಹಿಂದೆ ಸರಿದರು. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಒಂದು ವರ್ಷದ ನಿಷೇಧ ಹೇರಿ 10,000 ಸ್ವಿಸ್ ಫ್ರಾಂಕ್ ದಂಡ ಹಾಕಿತು. ಆ ದಿನ ಆಕೆಯ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ಆದರೆ ಪ್ರೀತಿಯೇ ಕಸುಬಾಗಿ, ಕಸುಬಿನ ಮೇಲೆ ಪದಕದ ಭಾರವೂ ಕೂತಾಗ, ಏಟು ಬೀಳುವುದು ಮಾತು ಬಾರದ ಪ್ರಾಣಿಗೆ ಎಂಬುದಂತೂ ಸತ್ಯ. ಬಲವಂತದಿಂದ ಮಾಡಿಸಿದ್ದರಲ್ಲಿ ಸೊಬಗಿರುವುದಿಲ್ಲ ಎಂದು ಗ್ರೀಸಿನ ಕ್ಸೆನೊಫೋನ್ ಸುಮಾರು 2,300 ವರ್ಷಗಳ ಹಿಂದೆಯೇ ಬರೆದಿಟ್ಟಿದ್ದ.

ಹಾಗಾದರೆ ಇನ್ನೊಂದು ದಾರಿ? ಬೇರೆ ಉದ್ಯೋಗ ಇಟ್ಟುಕೊಂಡು ಸವಾರಿಯನ್ನು ಹವ್ಯಾಸವಾಗಿ ಬೆಳೆಸುವುದು. ಜರ್ಮನಿಯ ರೈನರ್ ಕ್ಲಿಮ್ಕೆ ವೃತ್ತಿಯಿಂದ ವಕೀಲರು. ವಕೀಲಿಕೆ ಮಾಡುತ್ತಲೇ 1964ರಿಂದ 1988ರ ನಡುವೆ ಒಲಿಂಪಿಕ್ಸ್‌ನಲ್ಲಿ ಆರು ಚಿನ್ನ ಗೆದ್ದರು. ಮಗಳು ಇಂಗ್ರಿಡ್ ಮಾತ್ರ ಕುದುರೆಯನ್ನೇ ಕಸುಬಾಗಿಸಿಕೊಂಡು ಆಕೆಯೂ ಒಲಿಂಪಿಕ್ ಚಿನ್ನ ಗೆದ್ದರು. ಒಂದೇ ಮನೆಯಲ್ಲಿ ಎರಡು ದಾರಿ! ಜರ್ಮನಿಯಲ್ಲಿ ಅಶ್ವಪಾಲನೆಗೆ ಮೂರು ವರ್ಷದ ವೃತ್ತಿಶಿಕ್ಷಣವಿದೆ, ಪರೀಕ್ಷೆಯಿದೆ, ಪ್ರಮಾಣಪತ್ರವಿದೆ. ಅಲ್ಲಿ ಲದ್ದಿ ಬಾಚುವುದು ಓದಿನ ಒಂದು ಪಾಠ.

ನಮ್ಮಲ್ಲೂ ಹೊಸ ಗಾಳಿ ಬೀಸಿದೆ. 2023ರ ಸೆಪ್ಟೆಂಬರಿನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಸುದೀಪ್ತಿ ಹಜೇಲಾ, ದಿವ್ಯಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್ವಾಲಾ ಅವರ ತಂಡ ಡ್ರೆಸಾಜ್ ಚಿನ್ನ ಗೆದ್ದಿತು. ಅಶ್ವಾರೋಹಣದಲ್ಲಿ ಭಾರತಕ್ಕೆ ಚಿನ್ನ ಬಂದದ್ದು 41 ವರ್ಷಗಳ ನಂತರ. 17ರ ವಯಸ್ಸಿನಲ್ಲೇ ಜರ್ಮನಿಗೆ ಹೋಗಿ ಕಲಿತ ಅನುಷ್, 2024ರ ಪ್ಯಾರಿಸ್‌ನಲ್ಲಿ ಒಲಿಂಪಿಕ್ ಡ್ರೆಸಾಜ್‌ಗಿಳಿದ ಮೊದಲ ಭಾರತೀಯರಾದರು. ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ ಸ್ಪರ್ಧಿಸುವುದು ಡ್ರೆಸಾಜ್, ದೂರದೋಟ, ಜಿಗಿತ ಮೂರೂ ಸೇರಿದ ಈವೆಂಟಿಂಗ್‌ನಲ್ಲಿ. 2018ರ ಏಷ್ಯನ್ ಕೂಟದಲ್ಲಿ ಎರಡು ಬೆಳ್ಳಿ ಗೆದ್ದು, 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೆಯವರಾದರು. ಅವರ ತಂದೆ ಕುದುರೆಗಳ ವೈದ್ಯರು ಎಂಬುದನ್ನು ಗಮನಿಸಿ. ಆದರೆ ಇವರೆಲ್ಲರ ಹಿಂದೆ ಮನೆಯವರ ಅಥವಾ ಪ್ರಾಯೋಜಕರ ಹಣದ ಬಲವಿತ್ತು ಎಂಬುದನ್ನೂ ಗಮನಿಸಿ. ಸಾಮಾನ್ಯ ಸಂಬಳದ ಮನೆಗೆ ಇದು ಸಣ್ಣ ಮಾತಲ್ಲ.

ವಾರ ಕಳೆದು ತಂದೆ, ಮಗಳು ಮತ್ತೆ ಬಂದಾಗ ನಾನು ಹೇಳಿದ್ದು ಇಷ್ಟೆ. ಭೌತಶಾಸ್ತ್ರ ವ್ಯರ್ಥವಲ್ಲ. ಅದರ ಜೊತೆ ರಸಾಯನಶಾಸ್ತ್ರ, ಜೀವಶಾಸ್ತ್ರ ಇದ್ದರೆ ಹೆಬ್ಬಾಳ, ಬೀದರಿನಂಥ ಕಡೆ ಐದೂವರೆ ವರ್ಷದ ಪಶುವೈದ್ಯ ಪದವಿಗೆ ಪ್ರಯತ್ನಿಸಬಹುದು. ವೈದ್ಯರಾದರೆ ಕುದುರೆಯೂ ಹತ್ತಿರ, ಊಟವೂ ಹತ್ತಿರ. ಅದು ಬೇಡವೆನಿಸಿದರೆ, ನಿರ್ಧಾರಕ್ಕೆ ಮುಂಚೆ ಈ ಬೇಸಿಗೆ ರಜೆಯ ಎರಡು ತಿಂಗಳು ಸವಾರಿಯನ್ನು ಬದಿಗಿಟ್ಟು ಲಾಯದ ಕೆಲಸ ಮಾತ್ರ ಮಾಡಲಿ. ಬೆಳಗಿನ ಐದು ಗಂಟೆಗೆ, ಸವಾರಿಯ ಆಸೆಯಿಲ್ಲದೆಯೂ ಕುದುರೆಯ ಬಳಿ ಹೋಗಬೇಕೆನಿಸುತ್ತದೆಯೇ? ಹೌದಾದರೆ ಅದು ಕಸುಬು. ಏರಿದಾಗ ಮಾತ್ರ ಸಂತೋಷವಾದರೆ ಅದು ಹವ್ಯಾಸ. ಎರಡೂ ಮರ್ಯಾದೆಯ ದಾರಿಗಳೇ. ಕಸುಬೇ ಆದರೆ, ಒಪ್ಪಂದ ಮಾಡಿಕೊಳ್ಳುವಾಗಲೇ ತನ್ನ ಅಭ್ಯಾಸಕ್ಕೆ ಬೆಳಗಿನ ಒಂದು ಗಂಟೆಯನ್ನು ಕೇಳಿ ಪಡೆಯಲಿ. ದಣಿದ ಸಂಜೆ ಕುದುರೆ ಏರುವುದು ಬೇಡ. ಇನ್ನು ಒಂದು ಮಾತು ತಂದೆಗೆ: ಒಂದು ದಿನವಾದರೂ ನೀವೂ ಜೊತೆಗೆ ಹೋಗಿ ಬನ್ನಿ.

ಕಳೆದ ಭಾನುವಾರ ಅವರ ಫೋನ್ ಬಂತು. ಹೋಗಿದ್ದರಂತೆ. “ಮಗಳು ಕೆಲಸ ಮಾಡ್ತಿದ್ಳು ಸಾರ್. ಮನೇಲಿ ಒಂದು ಲೋಟ ಎತ್ತಿಡದವಳು ಅಲ್ಲಿ ಕುಕ್ಕೆ ಹೊತ್ತಳು. ನಾನು ಸುಮ್ನೆ ನಿಂತಿದ್ದೆ. ಒಂದು ಕುದುರೆ ಬಂದು ನನ್ನ ಅಂಗೈ ಮೂಸಿ ನೋಡಿತು” ಎಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಏನು ತೀರ್ಮಾನವಾಯಿತು ಎಂದು ನಾನು ಕೇಳಲಿಲ್ಲ. ಬೇಸಿಗೆ ರಜೆ ಮುಗಿಯಲು ಇನ್ನೂ ಆರು ವಾರವಿದೆ.